ಬಗ್ಗದೆ ಒಳಗೆ ಹೋಗುವಂಥ ಕೋಳಿ ಜಾಲರಿ: ಎರಡು ಸಲ ಕಟ್ಟಿ ಕಲಿತದ್ದು

ನಮ್ಮ ಮೊದಲ ಕೋಳಿ ಜಾಲರಿ, ಅಂದರೆ ಕೋಳಿ ಹಗಲು ಓಡಾಡುವ ತಂತಿಬಲೆಯ ಆವರಣ, 4 ಅಡಿ ಎತ್ತರ ಇತ್ತು. ಕೋಳಿ ಎಷ್ಟು ಎತ್ತರ ಇರುತ್ತೆ, ಹೆಚ್ಚೆಂದರೆ ಒಂದೂವರೆ ಅಡಿ, ನಾಲ್ಕಡಿ ಧಾರಾಳ ಅಂತ ಲೆಕ್ಕ ಹಾಕಿದ್ದೆ. ಕೋಳಿಗೇನೋ ಧಾರಾಳವೇ ಆಯಿತು. ಆದರೆ ನೀರಿಡೋದಕ್ಕೆ, ಮೊಟ್ಟೆ ತೆಗೆಯೋದಕ್ಕೆ, ಹಿಕ್ಕೆ ಬಾಚೋದಕ್ಕೆ ದಿನಾ ಎರಡು ಸಲ ಬಗ್ಗಿಕೊಂಡು ಒಳಗೆ ಹೋಗಬೇಕಾದವನು ನಾನು. ಮೊದಲ ತಿಂಗಳು ದಿನಾ ಗುಡಿಸಿದೆ. ಎರಡನೇ ತಿಂಗಳು ವಾರಕ್ಕೊಮ್ಮೆ. ಮಳೆ ಹಿಡಿದ ಮೇಲೆ ಸೊಂಟನೋವಿನ ನೆಪ ಸಿಕ್ಕಿತು, ಗುಡಿಸುವುದೇ ನಿಂತಿತು. ಜುಲೈನಲ್ಲಿ ಆ ಒದ್ದೆ ನೆಲದಿಂದ ರಕ್ತಭೇದಿ ಶುರುವಾಗಿ ಒಂದೂವರೆ ತಿಂಗಳ ಮೂರು ಮರಿಗಳು ಹೋದವು. ರೋಗ ಕೋಳಿಗೆ ಬಂದಿದ್ದು, ಕಾರಣ ನನ್ನ ಸೊಂಟ.

ಅದಾದ ಮೇಲೆ ಮುಂಗುಸಿ ಬಂತು. ರಾತ್ರಿ ಅಲ್ಲ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಮುಂಗುಸಿ ಹಗಲು ಓಡಾಡುವ ಪ್ರಾಣಿ. ಎಷ್ಟೋ ಜನ ರಾತ್ರಿ ಗೂಡಿನ ಬಾಗಿಲು ಹಾಕಿದರೆ ಸಾಕು ಅಂದುಕೊಂಡಿರುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. 'ಚಿಕನ್ ಮೆಶ್' ಅಂತ ಅಂಗಡಿಯಲ್ಲಿ ಸಿಗುವ ಆರು ಮೂಲೆಯ ತೆಳು ಬಲೆಯ ಬುಡ ಕೆರೆದು, ಎತ್ತಿ, ಒಳಗೆ ನುಗ್ಗಿ ನಾಲ್ಕು ಹೇಂಟೆಗಳ ಕುತ್ತಿಗೆ ಕಚ್ಚಿ ಹಾಕಿತ್ತು. ಒಂದನ್ನೂ ಪೂರ್ತಿ ತಿಂದಿರಲಿಲ್ಲ. ಅಮ್ಮ ಅಲ್ಲೇ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು, ಗಲಾಟೆ ಕೇಳಿ ಹಿತ್ತಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಇರುವುದು ಎರಡನೇ ಜಾಲರಿ. ಐದು ಮಳೆಗಾಲ ಕಂಡಿದೆ, ಒಳಗಿಂದ ಒಂದು ಕೋಳಿಯೂ ಹೋಗಿಲ್ಲ. ಅದನ್ನು ಹೇಗೆ ಕಟ್ಟಿದೆ, ಈಗ ಮತ್ತೆ ಕಟ್ಟಿದರೆ ಏನು ಬದಲಾಯಿಸುತ್ತೇನೆ ಅಂತ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಗೂಡು ಅಂದರೆ ರಾತ್ರಿ ಮಲಗುವ ಪೆಟ್ಟಿಗೆ, ಮೆಶ್ ಅಂದರೆ ತಂತಿಬಲೆ, ಜಾಲರಿ ಅಂದರೆ ಹಗಲು ಓಡಾಡುವ ಇಡೀ ಜಾಗ. ಇದು ನಮ್ಮನೆ ಮಾತು, ನಿಮ್ಮ ಕಡೆ ಬೇರೆ ಇರಬಹುದು.

ನಮ್ಮದು ಹಾಸನ ಜಿಲ್ಲೆ, ಬೇಲೂರು ಕಡೆ. ಪೂರಾ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಮಾರ್ಚ್ ಏಪ್ರಿಲ್‌ನಲ್ಲಿ ಚೆನ್ನಾಗಿಯೇ ಬಿಸಿಲು. ನಿಮ್ಮದು ರಾಯಚೂರು ಕಡೆಯೋ ಆಗುಂಬೆ ಕಡೆಯೋ ಆದರೆ ಚಾವಣಿ ವಿಷಯದಲ್ಲಿ ಲೆಕ್ಕ ಬದಲಾಗುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ಜಾಗ ಹುಡುಕುವುದು

ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ಗಾದೆ ಇದೆ. ಅಡುಗೆಮನೆಯಲ್ಲಿ ಅದು ಸರಿ. ಹಿತ್ತಲಲ್ಲಿ ಮಾತ್ರ ಕೋಳಿಯನ್ನು ಕೇಳಿಯೇ ಗುಂಡಿ ತೋಡಬೇಕು. ಕೋಳಿ ಆಗಲೇ ಸಾಕಿದ್ದರೆ ಒಂದು ವಾರ ಸುಮ್ನೆ ನೋಡಿ. ಮಧ್ಯಾಹ್ನ ಎಲ್ಲಿ ಮಲಗುತ್ತವೆ, ಮಳೆ ಹನಿ ಬಿದ್ದ ತಕ್ಷಣ ಯಾವ ಕಡೆ ಓಡುತ್ತವೆ, ಮಣ್ಣಲ್ಲಿ ಹೊರಳಾಡುವುದು ಎಲ್ಲಿ ಅಂತ. ಅವು ಆರಿಸಿಕೊಂಡ ಜಾಗ ಸಾಮಾನ್ಯವಾಗಿ ಒಣಗಿರುತ್ತದೆ, ತಂಪಾಗಿರುತ್ತದೆ.

ನಮ್ಮ ಕೋಳಿಗಳು ಹಲಸಿನ ಮರದ ಬುಡ ತೋರಿಸಿದವು. ಹಾಗಂತ ನಾನು ಮರದ ಅಡಿಯಲ್ಲೇ ಕಟ್ಟಲಿಲ್ಲ. ಹಣ್ಣು ಬಿದ್ದರೆ ಶೀಟು ಉಳಿಯಲ್ಲ, ಅದು ಒಂದು. ಇನ್ನೊಂದು, ಹಲಸು ಹಣ್ಣಾಗುವ ಕಾಲಕ್ಕೆ ಪುನುಗುಬೆಕ್ಕು ಮರ ಹತ್ತಿಕೊಂಡೇ ಇರುತ್ತದೆ, ಅದಕ್ಕೆ ನಾವೇ ಚಾವಣಿ ಮೇಲೆ ಇಳಿಯಲು ಮೆಟ್ಟಿಲು ಕಟ್ಟಿಕೊಟ್ಟ ಹಾಗೆ. ಮರಕ್ಕೆ ಪೂರ್ವದಲ್ಲಿ, ಕೊಂಬೆ ತಾಗದಷ್ಟು ದೂರ ಕಟ್ಟಿದೆ. ಮಧ್ಯಾಹ್ನ ಎರಡು ಗಂಟೆಯಾದರೆ ಮರದ ನೆರಳು ತಾನಾಗಿ ಜಾಲರಿ ಮೇಲೆ ಬರುತ್ತದೆ.

ಒಂದು ಜೋರು ಮಳೆ ಬಂದಾಗ ಕೊಡೆ ಹಿಡಿದು ಹಿತ್ತಲಿಗೆ ಹೋಗಿ ನಿಂತು ನೋಡಿ. ನೀರು ಎಲ್ಲಿಂದ ಹರಿದು ಬರುತ್ತೆ, ಎಲ್ಲಿ ನಿಲ್ಲುತ್ತೆ ಅನ್ನುವುದನ್ನು ಬೇಸಿಗೆಯಲ್ಲಿ ಕೂತು ಊಹೆ ಮಾಡೋಕಾಗಲ್ಲ. ಎಷ್ಟೇ ಒಳ್ಳೆ ಜಾಗ ಆದರೂ ಒಳಗಿನ ನೆಲವನ್ನು ಸುತ್ತಲಿಗಿಂತ ಅರ್ಧ ಅಡಿ ಎತ್ತರ ಮಣ್ಣು ತುಂಬಿ ದಮ್ಮಸ್ಸು ಮಾಡಿ. ಮೇಲ್ಗಡೆಯಿಂದ ನೀರು ಬರುವ ಮಗ್ಗುಲಿಗೆ ಒಂದು ಸಣ್ಣ ಕಾಲುವೆ ತೆಗೆಯಿರಿ. ಮನೆಯಿಂದ ತೀರಾ ದೂರ ಬೇಡ. ರಾತ್ರಿ ಕೋಳಿ ಕೂಗಿಕೊಂಡರೆ ನಿಮಗೆ ಕೇಳಬೇಕು. ಪಕ್ಕದ ಮನೆಯವರ ಮಲಗುವ ಕೋಣೆ ಕಿಟಕಿಗೆ ತೀರಾ ಹತ್ತಿರವೂ ಬೇಡ, ನಾಲ್ಕೂವರೆಗೆ ಹುಂಜ ಕೂಗುವುದು ನಮಗೆ ಚೆಂದ, ಅವರಿಗಲ್ಲ.

ಎಷ್ಟು ದೊಡ್ಡದು, ಯಾವ ದಿಕ್ಕು

ಗೂಡಿನಲ್ಲಿ ಒಂದು ಕೋಳಿಗೆ 2 ಚದರ ಅಡಿ, ಜಾಲರಿಯಲ್ಲಿ 10 ಚದರ ಅಡಿ. ಈ ಎರಡು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. 12 ಕೋಳಿ ಅಂದರೆ ಗೂಡು 4 ಅಡಿ 6 ಅಡಿ, ಜಾಲರಿ 10 ಅಡಿ 12 ಅಡಿ. ದಿನದಲ್ಲಿ ಒಂದೆರಡು ಗಂಟೆ ಹೊರಗೆ ಮೇಯಲು ಬಿಡುವುದಾದರೆ ಇದು ಆರಾಮ. ಇಡೀ ದಿನ ಒಳಗೇ ಅಂದರೆ ಇನ್ನೂ ಸ್ವಲ್ಪ ದೊಡ್ಡದು ಮಾಡಿ, ಇಲ್ಲದಿದ್ದರೆ ಬೇಜಾರಿಗೆ ಒಂದರ ಪುಕ್ಕ ಇನ್ನೊಂದು ಕೀಳಲು ಶುರು ಮಾಡುತ್ತವೆ. ಒಂದು ಕೋಳಿಯ ಬೆನ್ನಲ್ಲಿ ರಕ್ತ ಕಂಡರೆ ಉಳಿದವು ಅಲ್ಲೇ ಕುಕ್ಕುತ್ತವೆ, ಆಮೇಲೆ ಬಿಡಿಸುವುದು ಕಷ್ಟ.

ಮತ್ತೆ, ಇವತ್ತು ಇರುವ ಕೋಳಿಗಳನ್ನಲ್ಲ, ಬರುವ ವರ್ಷ ಇರುವ ಕೋಳಿಗಳನ್ನು ಎಣಿಸಿ. ನಾಟಿ ಹೇಂಟೆ ಕಾವಿಗೆ ಕೂತರೆ ಒಂದೇ ಸಲಕ್ಕೆ ಎಂಟು ಹತ್ತು ಮರಿ ಮಾಡಿಬಿಡುತ್ತದೆ. ಗಿರಿರಾಜ ತಳಿ ಸಾಕುವವರಿಗೆ ಈ ತೊಂದರೆ ಇಲ್ಲ, ಅವು ಕಾವಿಗೆ ಕೂರುವ ಜಾತಿಯಲ್ಲ. ಆದರೆ ಮೈ ದಪ್ಪ, ಜಾಗ ಜಾಸ್ತಿ ಬೇಕು.

ನಾನು 10 ಅಡಿ 12 ಅಡಿ ದಾರ ಕಟ್ಟಿದ್ದನ್ನು ನೋಡಿ ಪಕ್ಕದ ಮನೆ ಅಜ್ಜಿ ಬೇಲಿ ಆಚೆ ನಿಂತು, "ಕೋಳಿಗೆ ಯಾಕಪ್ಪ ಇಷ್ಟು ದೊಡ್ಡ ಬಂಗ್ಲೆ? ನಮ್ ಕಾಲದಲ್ಲಿ ಮಂಕ್ರಿ ಕವುಚಿ ಹಾಕ್ತಿದ್ವಿ" ಅಂದರು. "ಬಂಗ್ಲೆ ಕೋಳಿಗಲ್ಲ ಅಜ್ಜಿ, ನನ್ ಸೊಂಟಕ್ಕೆ" ಅಂದೆ. ತಮಾಷೆಗೆ ಹೇಳಿದ್ದಲ್ಲ. ಎತ್ತರ 6 ಅಡಿ 6 ಇಂಚಿಗಿಂತ ಕಡಿಮೆ ಮಾಡಬೇಡಿ. ನೆಲಕ್ಕೆ ಹೊಟ್ಟು ಹಾಕಿದರೆ ಅರ್ಧ ಅಡಿ ಅದೇ ತಿನ್ನುತ್ತದೆ, ಮೇಲಿಂದ ಅಡ್ಡ ರೀಪು ಎರಡು ಮೂರು ಇಂಚು ಕೆಳಗೆ ಬರುತ್ತದೆ, ಉಳಿಯುವುದು ಆರಡಿಗಿಂತ ಕಡಿಮೆ. ಉದ್ದ ಇರುವವರು ಏಳಡಿ ಇಟ್ಟುಕೊಳ್ಳಿ.

ಉದ್ದನೆಯ ಮಗ್ಗುಲು ಪೂರ್ವ ಪಶ್ಚಿಮಕ್ಕೆ ಇರಲಿ. ಬಿಸಿಲು ಬೆಳಿಗ್ಗೆ ಸಂಜೆ ಚಿಕ್ಕ ಮಗ್ಗುಲುಗಳಿಂದ ಮಾತ್ರ ಒಳಗೆ ಬರುತ್ತದೆ. ನಮ್ಮ ಕಡೆ ಮುಂಗಾರಿನ ಇರಚಲು ಬರುವುದು ಪಶ್ಚಿಮ, ನೈರುತ್ಯದಿಂದ. ಉರಿ ಬಿಸಿಲು ಬರುವುದೂ ಸಂಜೆ ಮುಂದೆ ಪಶ್ಚಿಮದಿಂದಲೇ. ಹಾಗಾಗಿ ಪಶ್ಚಿಮದ 10 ಅಡಿ ಮಗ್ಗುಲು ಒಂದನ್ನು ಮುಚ್ಚಿದರೆ ಎರಡೂ ಕೆಲಸ ಆಗುತ್ತದೆ. ಕೆಳಗಿನ 3 ಅಡಿ ಹಳೇ ಶೀಟು ಹೊಡೆದಿದ್ದೇನೆ, ಅದರ ಮೇಲೆ ಸುತ್ತಿ ಎತ್ತುವಂಥ ಟಾರ್ಪಾಲು. ಮಳೆಗಾಲದಲ್ಲಿ ಇಳಿಬಿಡುವುದು, ಉಳಿದ ಕಾಲದಲ್ಲಿ ಸುತ್ತಿ ಕಟ್ಟುವುದು. ನಾಲ್ಕೂ ಕಡೆ ಮುಚ್ಚಲು ಹೋಗಬೇಡಿ, ಗಾಳಿ ಆಡದಿದ್ದರೆ ಹಿಕ್ಕೆಯ ಘಾಟು ಒಳಗೇ ನಿಲ್ಲುತ್ತದೆ. ನಿಮ್ಮ ಕಣ್ಣು ಉರಿಯುವಷ್ಟು ಘಾಟು ಇದ್ದರೆ ಕೋಳಿಯ ಮೂಗು ಆಗಲೇ ಕೆಟ್ಟಿರುತ್ತದೆ.

ಕಂಬ

ಇದು ನನ್ನ ದೊಡ್ಡ ತಪ್ಪು. ಸಾಮಿಲ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಸಿಲ್ವರ್ ಓಕ್ ಕಂಬ ನೆಟ್ಟೆ. ಬುಡಕ್ಕೆ ಟಾರು ಬಳಿದಿದ್ದೆ. ಮೂರನೇ ವರ್ಷ ಒಂದು ಕಂಬವನ್ನು ಸುಮ್ನೆ ಒರಗಿದ್ದಕ್ಕೆ ಅದು ವಾಲಿತು. ಕಿತ್ತು ನೋಡಿದರೆ ಮಣ್ಣಿಗೆ ಸರಿಯಾಗಿ ಗೆದ್ದಲು ತಿಂದು ಹುಡಿ ಮಾಡಿತ್ತು, ಮೇಲೆ ಕೆಳಗೆ ಚೆನ್ನಾಗಿಯೇ ಇತ್ತು. ಕಂಬ ಕೊಳೆಯುವುದು ಯಾವಾಗಲೂ ಮಣ್ಣು ಗಾಳಿ ಸೇರುವ ಆ ಮೂರು ನಾಲ್ಕು ಇಂಚಿನಲ್ಲೇ. ಒಂದೊಂದಾಗಿ ಎಲ್ಲವನ್ನೂ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಬದಲಾಯಿಸಿದೆ, ಅಂದರೆ ಕಂಬದ ಖರ್ಚು ಎರಡು ಸಲ ಆಯಿತು. ಮೊದಲೇ 2 ಇಂಚಿನ ಜಿಐ ಪೈಪ್ ಹಾಕಿ. ಕಲ್ಲುಕಂಬ ಸಿಗುವ ಊರಾದರೆ ಅದು ಇನ್ನೂ ಒಳ್ಳೆಯದು, ಮೆಶ್ ಕಟ್ಟುವುದು ಮಾತ್ರ ಸ್ವಲ್ಪ ಕಿರಿಕಿರಿ. ಬಿದಿರು ಮತ್ತು ಅಡಿಕೆ ದಬ್ಬೆಯನ್ನು ಒಳಗಿನ ಸಣ್ಣಪುಟ್ಟ ಕೆಲಸಕ್ಕೆ ಇಟ್ಟುಕೊಳ್ಳಿ, ಕಂಬಕ್ಕೆ ಬೇಡ.

ನಾಲ್ಕು ಮೂಲೆಗೂ ಗೂಟ ಹೊಡೆದು ದಾರ ಕಟ್ಟಿ. ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ, 10 ಅಡಿ 12 ಅಡಿಗೆ ಅದು ಸುಮಾರು 15 ಅಡಿ 7½ ಇಂಚು ಬರಬೇಕು, ಇನ್ನೊಂದು ಅಡ್ಡವೂ ಅಷ್ಟೇ ಬರಬೇಕು. ಎರಡೂ ಸಮ ಬಂದರೆ ಮೂಲೆಮಟ್ಟ ಸರಿ ಇದೆ ಅಂತ. ಇದಕ್ಕೆ ಹತ್ತು ನಿಮಿಷ ಸಾಕು, ಬಿಟ್ಟರೆ ಚಾವಣಿ ಶೀಟು ಹಾಕುವ ದಿನ ಇಡೀ ದಿನ ಬೈದುಕೊಳ್ಳಬೇಕು.

ಉದ್ದ ಮಗ್ಗುಲಲ್ಲಿ 4 ಅಡಿಗೊಂದು ಕಂಬ, ಚಿಕ್ಕ ಮಗ್ಗುಲಲ್ಲಿ ನಡುವೆ ಒಂದು, ಬಾಗಿಲಿಗೆ ಒಂದು ಹೆಚ್ಚು. ಒಟ್ಟು 11. ಗುಂಡಿ 2 ಅಡಿ ಆಳ. ಚಾವಣಿ ಇಳಿಜಾರು ದಕ್ಷಿಣಕ್ಕೆ ಇಟ್ಟುಕೊಂಡೆ, ಆ ಕಡೆ ನೆಲದಿಂದ ಆರೂವರೆ ಅಡಿ, ಉತ್ತರದಲ್ಲಿ ಏಳೂವರೆ ಅಡಿ. ಅಂದರೆ ಕಂಬ ಎಂಟೂವರೆ ಅಡಿಯವು ನಾಲ್ಕು, ಒಂಬತ್ತೂವರೆಯವು ನಾಲ್ಕು, ನಡುವಿನವಕ್ಕೆ ಮತ್ತು ಬಾಗಿಲಿನದಕ್ಕೆ ಅಲ್ಲೇ ಅಳತೆ ತೆಗೆದು ಕತ್ತರಿಸಿ. ಜಲ್ಲಿ ಸಿಮೆಂಟ್ ಹಾಕುವಾಗ ಮೇಲ್ಭಾಗವನ್ನು ಮಣ್ಣಿಗಿಂತ ಎರಡು ಇಂಚು ಎತ್ತರಿಸಿ, ಹೊರಗೆ ಇಳಿಜಾರು ಬರುವ ಹಾಗೆ ಗುಂಡಗೆ ಸವರಿ. ಕಂಬದ ಬುಡದಲ್ಲಿ ನೀರು ನಿಲ್ಲಬಾರದು.

ಕೆಳಗಿನ ಎರಡು ಅಡಿ

ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ. ನಾಯಿ, ಮುಂಗುಸಿ, ಹೆಗ್ಗಣ, ಹಾವು, ಎಲ್ಲ ಬರುವುದು ನೆಲದ ಹತ್ತಿರ. ಮೇಲಿನ ನಾಲ್ಕೈದು ಅಡಿಯಲ್ಲಿ ಬೆಕ್ಕು, ಪುನುಗುಬೆಕ್ಕಿನಂಥವನ್ನು ಬಿಟ್ಟರೆ ಕೈ ಹಾಕುವವು ಕಮ್ಮಿ.

ಆರು ಮೂಲೆಯ ತೆಳು ಮೆಶ್ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಹೊರಗಿನವರು ಒಳಗೆ ಬರುವುದನ್ನು ತಡೆಯಲ್ಲ. ನಾಯಿ ಹಲ್ಲಲ್ಲಿ ಹಿಡಿದು ಎಳೆದರೆ ಸ್ವೆಟರ್ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತದೆ. ವೆಲ್ಡ್ ಮೆಶ್ ಕೇಳಿ, ತಂತಿ ಸೇರುವಲ್ಲೆಲ್ಲ ಬೆಸುಗೆ ಹಾಕಿದ ಚೌಕ ಕಣ್ಣಿನದು. ಕೆಳಗೆ ಅರ್ಧ ಇಂಚಿನ ಕಣ್ಣು, ಮೇಲೆ 1 ಇಂಚು. ಕೆಳಗಿನದು ಅರ್ಧ ಇಂಚೇ ಯಾಕೆ ಅಂದರೆ ಇಲಿ ತೂರಬಾರದು. ಇಲಿ ಬಂದರೆ ಅದರ ಹಿಂದೆ ಹಾವು ಬರುತ್ತದೆ, ಕೇರೆ ಆದರೆ ಮೊಟ್ಟೆ ಮರಿ ಹೋಗುತ್ತೆ, ನಾಗರ ಆದರೆ ಬೆಳಿಗ್ಗೆ ಕತ್ತಲಲ್ಲಿ ಕೈ ಹಾಕುವ ನಮ್ಮ ಕಥೆ ಏನು?

ಗೇಜ್ ಲೆಕ್ಕದಲ್ಲಿ ಸಂಖ್ಯೆ ಕಡಿಮೆ ಆದಷ್ಟೂ ತಂತಿ ದಪ್ಪ. ಗೊಂದಲ ಆದರೆ ಎರಡು ಕಂಪನಿಯ ಒಂದೇ ಅಳತೆಯ ಸುರುಳಿಗಳನ್ನು ಎತ್ತಿ ನೋಡಿ, ಭಾರ ಇರುವುದನ್ನು ತನ್ನಿ. ತಂತಿ ತಂತಿ ಸೇರುವ ಬೆಸುಗೆಯನ್ನು ಉಗುರಿನಲ್ಲಿ ಕೆರೆದು ನೋಡಿ. ಅಲ್ಲಿ ಆಗಲೇ ತುಕ್ಕಿನ ಚುಕ್ಕಿ ಕಂಡರೆ ಮಲೆನಾಡಿನ ಮಳೆಗೆ ಅದು ಬಾಳಲ್ಲ.

ಈಗ ಮುಖ್ಯವಾದ ಕೆಲಸ. ಅರ್ಧ ಇಂಚಿನ ಮೆಶ್ 3 ಅಡಿ ಅಗಲದ್ದು ತೆಗೆದುಕೊಳ್ಳಿ. ಅದನ್ನು ಉದ್ದಕ್ಕೆ ಎಲ್ ಆಕಾರದಲ್ಲಿ ಬಗ್ಗಿಸಬೇಕು, 2 ಅಡಿ ಕಂಬಕ್ಕೆ ಅಂಟಿಕೊಂಡು ಮೇಲೆ, 1 ಅಡಿ ನೆಲದ ಮೇಲೆ ಹೊರಗಡೆಗೆ ಹಾಸಿಕೊಂಡು. ಹೊರಗಡೆಗೆ, ಒಳಗಡೆಗಲ್ಲ. ನೆಲ ಕೆರೆಯುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ಕೆರೆಯುತ್ತದೆ, ಒಂದಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡೋಣ ಅನ್ನುವ ಬುದ್ಧಿ ಅದಕ್ಕೆ ಹೊಳೆಯಲ್ಲ. ಕೆರೆದಲ್ಲೆಲ್ಲ ಉಗುರಿಗೆ ತಂತಿ ಸಿಗುತ್ತದೆ, ಬಿಟ್ಟು ಹೋಗುತ್ತದೆ. ಬಗ್ಗಿಸುವುದು ಕೈಯಲ್ಲಿ ಆಗಲ್ಲ. ಒಂದು ಉದ್ದ ರೀಪನ್ನು 1 ಅಡಿ ಗೆರೆಗೆ ಇಟ್ಟು, ಒಬ್ಬರು ಅದರ ಮೇಲೆ ನಿಂತು, ಇನ್ನೊಬ್ಬರು ಮೆಶ್ ಎತ್ತಿದರೆ ನೀಟಾಗಿ ಮಡಚಿಕೊಳ್ಳುತ್ತದೆ. ಕೈಗವಸು ಹಾಕಿಕೊಳ್ಳಿ, ಕತ್ತರಿಸಿದ ತುದಿಗಳು ಬ್ಲೇಡಿನ ಹಾಗಿರುತ್ತವೆ.

ಹಾಸಿದ ಮೆಶ್‌ಗೆ ಅಡಿಗೊಂದು ಯು ಆಕಾರದ ಕಬ್ಬಿಣದ ಗೂಟ ಹೊಡೆದು ಮೇಲೆ ಎರಡು ಇಂಚು ಮಣ್ಣು, ಅದರ ಮೇಲೆ ಕಲ್ಲು. ಒಂದು ಮಳೆಗಾಲ ಕಳೆದರೆ ಹುಲ್ಲು ಬೆಳೆದು ಅಲ್ಲೇನಿದೆ ಅಂತಲೇ ಗೊತ್ತಾಗಲ್ಲ. ಗೋಡೆಯನ್ನೇ ನೆಲದೊಳಗೆ ಒಂದೂವರೆ ಅಡಿ ಹೂಳುವವರೂ ಇದ್ದಾರೆ, ಅದೂ ಸರಿಯೇ, ಆದರೆ 44 ಅಡಿ ಉದ್ದ ಕಾಲುವೆ ತೋಡಬೇಕು, ಮಣ್ಣಲ್ಲಿ ಮೆಶ್ ಬೇಗ ತುಕ್ಕು ಹಿಡಿಯುತ್ತೆ.

ಎಲ್ಲರೂ ಮರೆಯುವುದು ಮೂಲೆ. ಎರಡು ಮಗ್ಗುಲಿನ ಹಾಸು ಮೆಶ್ ಮೂಲೆಯಲ್ಲಿ ಸೇರುವುದಿಲ್ಲ, ಅಲ್ಲಿ ಒಂದಡಿ ಚೌಕ ಖಾಲಿ ಉಳಿಯುತ್ತದೆ. ಸ್ವಲ್ಪ ದೊಡ್ಡದಾಗಿ ನಾಲ್ಕು ತುಂಡು ಕತ್ತರಿಸಿ ಅಲ್ಲಿ ಕೂರಿಸಿ ಎರಡೂ ಕಡೆಗೆ ತಂತಿಯಲ್ಲಿ ಹೊಲಿಯಬೇಕು. ನಾನು ಮೂರು ಮೂಲೆ ಮುಗಿಸಿ ನಾಲ್ಕನೆಯದಕ್ಕೆ 'ನಾಳೆ ನೋಡೋಣ' ಅಂದೆ. ಮೂರು ದಿನದಲ್ಲಿ ಅದೇ ಮೂಲೆಯಲ್ಲಿ ಬೋಗುಣಿ ಅಗಲ ಕೆರೆದ ಗುರುತು ಇತ್ತು. ಉಳಿದ ಮೂರರಲ್ಲಿ ಇರಲಿಲ್ಲ.

ಮೆಶ್ ಕಂಬದ ಹೊರಮಗ್ಗುಲಿಗೆ ಬರಲಿ. ನಾಯಿ ಮೈ ಹಾಕಿ ನೂಕಿದರೆ ಮೆಶ್ ಕಂಬಕ್ಕೇ ಒತ್ತಿಕೊಳ್ಳುತ್ತದೆ. ಒಳಗಡೆ ಕಟ್ಟಿದರೆ ನೂಕಿದಷ್ಟೂ ಕಟ್ಟು ಸಡಿಲ ಆಗುತ್ತದೆ. ಮೇಲಿನ 1 ಇಂಚಿನ ಮೆಶ್ 5 ಅಡಿ ಅಗಲದ್ದು ತಂದರೆ ಕೆಳಗಿನದರ ಮೇಲೆ ನಾಲ್ಕು ಇಂಚು ಹೊದಿಸಿಯೂ ದಕ್ಷಿಣದ ಮಗ್ಗುಲಿಗೆ ಸರಿಹೋಗುತ್ತದೆ. ಉತ್ತರದ ಎತ್ತರದ ಕಡೆ ಮೇಲೆ ಉಳಿಯುವ ಹತ್ತು ಇಂಚಿನ ಪಟ್ಟಿಗೆ ಮಿಕ್ಕ ತುಂಡುಗಳು ಸಾಕು. ಹೊದಿಕೆ ಇರುವಲ್ಲಿ ಪ್ರತಿ ನಾಲ್ಕು ಇಂಚಿಗೆ ಬೈಂಡಿಂಗ್ ವೈರ್ ಕಟ್ಟು.

ಮುಂಗುಸಿಗೆ ಉರುಳು, ವಿಷ ಇಡುವ ಯೋಚನೆ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಪ್ರಾಣಿ. ಕಾನೂನು ಬಿಡಿ, ವಿಷ ತಿನ್ನುವುದು ಬಹುಪಾಲು ಪಕ್ಕದ ಮನೆ ನಾಯಿ.

ಚಾವಣಿ

ನಮ್ಮ ಕಡೆ ಪೂರ್ತಿ ಶೀಟೇ ಸರಿ. ಬರೀ ಮೆಶ್ ಹೊದಿಸಿದರೆ ಗಿಡುಗ, ಕಾಗೆ ತಡೆಯಬಹುದು, ಮಳೆ ತಡೆಯಲ್ಲ, ನೆಲ ಕೆಸರಾದರೆ ನಾನು ಮೊದಲು ಹೇಳಿದ ರಕ್ತಭೇದಿಯ ಕಥೆ. 12 ಅಡಿ ಉದ್ದದ ಶೀಟು ನಾಲ್ಕು ತಂದರೆ 10 ಅಡಿ ಅಗಲಕ್ಕೆ ಎರಡೂ ಕಡೆ ಒಂದೊಂದು ಅಡಿ ಸೂರು ಸಿಗುತ್ತದೆ. ನಾಲ್ಕರಲ್ಲಿ ಒಂದು ಬೆಳಕು ಬಿಡುವ ಫೈಬರ್ ಶೀಟು ಇರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಒಳಗೆ ಕತ್ತಲು, ಮೊಟ್ಟೆಯೂ ಕಡಿಮೆ ಆಗುತ್ತದೆ. ಸ್ಕ್ರೂ ಹೊಡೆಯುವುದು ಶೀಟಿನ ಉಬ್ಬಿನ ಮೇಲೆ, ತಗ್ಗಿನಲ್ಲಿ ಅಲ್ಲ, ವಾಷರ್ ಮರೆಯಬೇಡಿ. ಅಂಚಿನ ರೀಪಿಗೆ ಸ್ಕ್ರೂ ಜಾಸ್ತಿ ಹಾಕಿ, ಏಪ್ರಿಲ್ ಮೇ ತಿಂಗಳ ಗಾಳಿಮಳೆ ಶೀಟನ್ನು ಎತ್ತುವುದು ಅಂಚಿನಿಂದ.

ಬಯಲುಸೀಮೆಯವರಿಗೆ ಪೂರ್ತಿ ಶೀಟು ಹಾಕಿದರೆ ಒಲೆ ಆಗುತ್ತದೆ. ಗೂಡಿರುವ ಅರ್ಧಕ್ಕೆ ಶೀಟು, ಉಳಿದ ಅರ್ಧಕ್ಕೆ ವೆಲ್ಡ್ ಮೆಶ್, ಅದರ ಮೇಲೆ ಹಸಿರು ಶೇಡ್ ನೆಟ್, ಸಾಕು. ಶೇಡ್ ನೆಟ್ ಒಂದನ್ನೇ ಚಾವಣಿ ಅಂದುಕೊಳ್ಳಬೇಡಿ, ಬೆಕ್ಕು ಅದನ್ನು ಉಗುರಲ್ಲಿ ಸೀಳುತ್ತದೆ. ನಾನು ಮಾರ್ಚ್ ಬಂದರೆ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ ಹಗ್ಗ ಬಿಗಿಯುತ್ತೇನೆ, ಜೂನ್ ಮೊದಲ ಮಳೆಗೆ ಮುಂಚೆ ಇಳಿಸುತ್ತೇನೆ. ಒಳಗೆ ಹೋದರೆ ವ್ಯತ್ಯಾಸ ನೆತ್ತಿಗೇ ಗೊತ್ತಾಗುತ್ತದೆ.

ಗೋಡೆಯ ಮೆಶ್ ಮುಗಿದು ಶೀಟು ಶುರುವಾಗುವ ನಡುವೆ ಒಂದು ಸಂದು ಉಳಿಯುತ್ತದೆ, ಅದನ್ನು ಮುಚ್ಚಿ. ಪುನುಗುಬೆಕ್ಕಿಗೆ ತಲೆ ತೂರಿದರೆ ಮೈಯೂ ತೂರಿತು ಅಂತಲೇ ಲೆಕ್ಕ. ತಗ್ಗಿನ ಸೂರಿಗೆ ಪಿವಿಸಿ ದೋಣಿ ಕಟ್ಟಿ ಡ್ರಮ್ಮಿಗೆ ನೀರು ಬಿಟ್ಟಿದ್ದೇನೆ, ಇಲ್ಲದಿದ್ದರೆ ಸೂರಿನ ನೀರು ಸರಿಯಾಗಿ ಆ ಹಾಸು ಮೆಶ್ ಮೇಲೆ ಬಿದ್ದು ಮಣ್ಣು ಕೊಚ್ಚುತ್ತಿತ್ತು.

ಬಾಗಿಲು

ಎರಡೂವರೆ ಅಡಿ ಅಗಲ, 6 ಅಡಿ ಎತ್ತರ, ಪೂರ್ವದ ಮಗ್ಗುಲಿಗೆ. ಗೊಬ್ಬರ ತುಂಬಿದ ಬಾಂಡ್ಲಿ ಸೊಂಟಕ್ಕಿಟ್ಟುಕೊಂಡು ಪಕ್ಕಕ್ಕೆ ತಿರುಗದೆ ಹೊರಬರಲು ಆಗಬೇಕು, ಅಳತೆಗೆ ಅದೇ ಪರೀಕ್ಷೆ. ಬಾಗಿಲು ಒಳಗೆ ತೆರೆಯಲಿ. ಹೊರಗೆ ತೆರೆಯುವ ಬಾಗಿಲಾದರೆ ಕೋಳಿಗಳು ತಿಂಡಿ ಬಂತು ಅಂತ ಬಾಗಿಲಿಗೇ ಬಂದು ಕಾದಿದ್ದು, ತೆರೆದ ಕೂಡಲೇ ಕಾಲ ಸಂದಿಯಿಂದ ಓಡುತ್ತವೆ. ಒಳಗೆ ತೆರೆದರೆ ಬಾಗಿಲೇ ಅವನ್ನು ಹಿಂದಕ್ಕೆ ನೂಕುತ್ತದೆ. ಆದರೆ ಹೊಟ್ಟಿಗೆ ಸಿಕ್ಕಿ ಬಾಗಿಲು ತೆರೆಯದ ಹಾಗೆ ಆಗುತ್ತದೆ, ಅದಕ್ಕೆ ಕೆಳಗೆ ಹತ್ತು ಇಂಚಿನ ಹಲಗೆ ಅಡ್ಡ ಕೂರಿಸಿ ಬಾಗಿಲನ್ನು ಅದರ ಮೇಲಿಂದ ಶುರು ಮಾಡಿ. ದಾಟಿ ಒಳಗೆ ಹೋಗುವುದು ನಮ್ಮ ಹಳೇ ಮನೆಗಳ ಹೊಸಿಲು ದಾಟಿದ ಹಾಗೆಯೇ.

ಚಿಲಕ ಎರಡು, ಮೇಲೊಂದು, ಕೆಳಗೊಂದು. ಒಂದೇ ಇದ್ದರೆ ನಾಯಿ ಕೆಳಗಿನ ಮೂಲೆ ನೂಕಿ ಸಂದು ಮಾಡುತ್ತದೆ. ಮತ್ತೆ ಒಳಗಿಂದಲೂ ತೆಗೆಯಲು ಬರಬೇಕು. ಇದನ್ನು ನಾನು ಹೇಗೆ ಕಲಿತೆ ಅಂದರೆ, ಒಂದು ಬೆಳಿಗ್ಗೆ ಒಳಗೆ ಗುಡಿಸುತ್ತಿದ್ದಾಗ ಗಾಳಿಗೆ ಬಾಗಿಲು ಬಡಿದು ಹೊರಗಿನ ಕೊಂಡಿ ತಾನಾಗಿ ಬಿದ್ದುಬಿಟ್ಟಿತು. ಫೋನ್ ಮನೆಯಲ್ಲಿ. ಅಮ್ಮ ಸಂತೆಗೆ ಹೋಗಿದ್ದರು. ಅರ್ಧ ಇಂಚಿನ ಕಣ್ಣಿನಲ್ಲಿ ಬೆರಳೂ ಹೋಗಲ್ಲ, ನಾನೇ ಆರಿಸಿ ತಂದ ಮೆಶ್ ಅಲ್ವಾ. ಮುಕ್ಕಾಲು ಗಂಟೆ ಕೋಳಿಗಳ ಜೊತೆ ನಿಂತಿದ್ದೆ. ಕೊನೆಗೆ ಪಕ್ಕದ ಮನೆ ಅಜ್ಜ ಹುಲ್ಲಿಗೆ ಬಂದವರು ನೋಡಿ, "ಏನಪ್ಪಾ, ನಿನ್ನೂ ಕೂಡಿ ಹಾಕಿದ್ದಾರಾ?" ಅಂತ ಕೇಳಿ ಆರಾಮಾಗಿ ನಕ್ಕು, ಆಮೇಲೆ ತೆಗೆದರು. ಈಗ ಕೊಂಡಿಗೆ ಒಂದು ತಂತಿ ಕಟ್ಟಿ ಒಳಗೆ ಎಳೆದುಕೊಂಡಿದ್ದೇನೆ.

ಒಳಗೆ

ಗೂಡನ್ನು ಜಾಲರಿಯ ಒಳಗೇ ಪಶ್ಚಿಮದ ಮುಚ್ಚಿದ ಮಗ್ಗುಲಿಗೆ ಇಟ್ಟೆ, ನೆಲದಿಂದ 2 ಅಡಿ ಎತ್ತರದಲ್ಲಿ. ಕೆಳಗೆ ಪೊರಕೆ ಆಡಬೇಕು, ತಗ್ಗಾಗಿಟ್ಟರೆ ಅದು ಇಲಿಗಳ ಮನೆ. ಗೂಡಿನೊಳಗೆ ಕೂರುವ ಗಳ 2 ಇಂಚು ದಪ್ಪ, ಕೋಳಿಗೆ ಒಂದು ಅಡಿ ಜಾಗ. ಗಿರಿರಾಜದಂಥ ಭಾರದ ಕೋಳಿಗೆ ಗಳ ಎತ್ತರ ಬೇಡ, ಧಡಕ್ಕಂತ ಇಳಿದು ಕಾಲು ನೋವು ಮಾಡಿಕೊಳ್ಳುತ್ತವೆ. ಮೊಟ್ಟೆ ಪೆಟ್ಟಿಗೆ ಒಂದಡಿ ಚೌಕ, ನಾಲ್ಕು ಹೇಂಟೆಗೆ ಒಂದರಂತೆ, ಗಳಕ್ಕಿಂತ ಕೆಳಗೆ. ಎತ್ತರದಲ್ಲಿಟ್ಟರೆ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ.

ನೆಲಕ್ಕೆ ಕಾಂಕ್ರೀಟ್ ಹಾಕಿಸಲು ಹೋಗಬೇಡಿ. ಭತ್ತದ ಹೊಟ್ಟು ಅಥವಾ ಒಣ ತರಗು ಆರು ಇಂಚು ಹಾಸಿದರೆ ಕೋಳಿಗಳೇ ದಿನಾ ಕೆದರಿ ತಿರುವಿ ಹಾಕುತ್ತವೆ, ವಾಸನೆ ಬರಲ್ಲ. ಒಂದು ಹಿಡಿ ಹೊಟ್ಟು ಮುಷ್ಟಿಯಲ್ಲಿ ಹಿಂಡಿ ಬಿಡಿ. ಉದುರಿದರೆ ಸರಿ, ಉಂಡೆ ಕಟ್ಟಿದರೆ ಒದ್ದೆ ಜಾಸ್ತಿ ಆಗಿದೆ ಅಂತ, ಆ ಭಾಗ ಬಾಚಿ ತೆಗೆದು ಹೊಸದು ಹಾಕಿ. ನೀರಿನ ಪಾತ್ರೆ ಸುತ್ತ ಯಾವಾಗಲೂ ಮೊದಲು ಕೆಡುತ್ತದೆ. ಪಾತ್ರೆಯನ್ನು ಇಟ್ಟಿಗೆ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇಡಿ. 12 ಕೋಳಿಗೆ ದಿನಕ್ಕೆ 3 ಲೀಟರ್ ನೀರು, ಬೇಸಿಗೆಯಲ್ಲಿ ಅದರ ಎರಡರಷ್ಟು. ತೆಗೆದ ಗೊಬ್ಬರವನ್ನು ಹಸಿಯಾಗಿ ಗಿಡಕ್ಕೆ ಹಾಕಬೇಡಿ, ಮೂರು ತಿಂಗಳಾದರೂ ಗುಂಡಿಯಲ್ಲಿ ಕೊಳೆಯಲಿ, ಇಲ್ಲದಿದ್ದರೆ ಬೇರು ಸುಟ್ಟು ಹೋಗುತ್ತದೆ. ಒಂದು ಮೂಲೆಯಲ್ಲಿ ಹಳೇ ಟಯರ್ ಇಟ್ಟು ಮರಳು, ಒಲೆ ಬೂದಿ ತುಂಬಿದ್ದೇನೆ. ಮಧ್ಯಾಹ್ನ ಅದರಲ್ಲಿ ಹೊರಳಾಡಲು ಕ್ಯೂ ನಿಲ್ಲುತ್ತವೆ, ಹೇನಿನ ಕಾಟವೂ ಕಡಿಮೆ.

ಮೇವನ್ನು ರಾತ್ರಿ ಒಳಗೆ ಬಿಡಬೇಡಿ, ಇಲಿಯನ್ನು ಕರೆಯುವುದು ಅದೇ. ಹೊಸ ಕೋಳಿ ತಂದರೆ ಎರಡು ವಾರ ಬೇರೆ ಕಡೆ ಇಟ್ಟು ಆಮೇಲೆ ಸೇರಿಸಿ. ಹತ್ತಿರ ಹತ್ತಿರ ಇರುವ ಕೋಳಿಗಳಲ್ಲಿ ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಒಂದನ್ನೂ ಉಳಿಸಲ್ಲ, ಲಸಿಕೆ ಯಾವ ವಯಸ್ಸಿಗೆ ಯಾವುದು ಅಂತ ನಿಮ್ಮೂರ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿಬಿಡಿ.

ಎಲ್ಲ ಮುಗಿದ ಮೇಲೆ ಕೋಳಿ ಬಿಡುವ ಮುಂಚೆ ಒಂದು ಸುತ್ತು ಮಂಡಿಯೂರಿ ಹೋಗಿ. ನೆಲದಿಂದ ಎರಡು ಅಡಿ ತನಕ ಮೆಶ್ ಸೇರುವಲ್ಲೆಲ್ಲ, ಬಾಗಿಲ ಸಂದಿಯಲ್ಲಿ, ಹಲಗೆ ಕೆಳಗೆ, ಎರಡು ಬೆರಳು ತೂರಿಸಿ ನೋಡಿ. ತೂರಿದರೆ ಅಲ್ಲಿ ತಂತಿ ಕಟ್ಟಿ. ನನಗೆ ಹನ್ನೊಂದು ಕಡೆ ಸಿಕ್ಕಿತ್ತು, ಅದೂ ಚೆನ್ನಾಗಿ ಕಟ್ಟಿದ್ದೇನೆ ಅಂದುಕೊಂಡ ಮೇಲೆ. ಆಮೇಲೆ ಕೋಳಿಗಳನ್ನು ಸಂಜೆ ಕತ್ತಲಾದ ಮೇಲೆ ಎತ್ತಿ ತಂದು ಗೂಡಿನೊಳಗೆ ಗಳದ ಮೇಲೆ ಕೂರಿಸಿ, ಎರಡು ದಿನ ಅಲ್ಲೇ ನೀರು ಮೇವು ಕೊಟ್ಟು ಮೂರನೇ ದಿನ ಬೆಳಿಗ್ಗೆ ಜಾಲರಿಗೆ ಬಿಡಿ. ಅಷ್ಟರಲ್ಲಿ ಅವಕ್ಕೆ ಮನೆ ಯಾವುದು ಅಂತ ಗೊತ್ತಾಗಿರುತ್ತದೆ. ನಮ್ಮಲ್ಲಿ ಒಂದು ಹಳೇ ಹೇಂಟೆ ಮಾತ್ರ ಮುಂದಿನ ಒಂದು ತಿಂಗಳು, ಹೊರಗೆ ಬಿಟ್ಟ ದಿನ ಸಂಜೆ ಹಲಸಿನ ಮರವನ್ನೇ ಹತ್ತುತ್ತಿತ್ತು, ಅದನ್ನು ಏಣಿ ಹಾಕಿ ಇಳಿಸುವುದು ನನ್ನ ಕೆಲಸ ಆಗಿತ್ತು.